ಎಲ್ಲರೂ ಆರಿಸಿದ ಆಟಗಾರನನ್ನು ನಾನೂ ಆರಿಸಬೇಕೇ?

ಪ್ರಶ್ನೆ: ನಾನು ಬಂಗಾರಪೇಟೆಯವನು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ದಿನವೂ ಕೆಲಸಕ್ಕೆ ಓಡಾಡುವ ಹದಿನಾಲ್ಕು ಮಂದಿ ಸೇರಿ ಫ್ಯಾಂಟಸಿ ಫುಟ್‌ಬಾಲ್ ಆಡುತ್ತೇವೆ. ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತೇವೆ, ಪಂದ್ಯದಲ್ಲಿ ಅವರ ಸಾಧನೆಗೆ ತಕ್ಕಂತೆ ನಮಗೆ ಪಾಯಿಂಟ್. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನ ಶನಿವಾರದ ಪಂದ್ಯಗಳಿಗೆ ಹನ್ನೊಂದು ಜನರ ತಂಡ, ಅವರನ್ನು ಕೊಳ್ಳಲು ನೂರು ಕ್ರೆಡಿಟ್ ಮಿತಿ, ಕ್ಯಾಪ್ಟನ್‌ಗೆ ಎರಡು ಪಟ್ಟು ಪಾಯಿಂಟ್. ಹಣದ ಮಾತಿಲ್ಲ, ಸೀಸನ್ ಮುಗಿದಾಗ ಒಟ್ಟು ಪಾಯಿಂಟ್ ಹೆಚ್ಚಿರುವವರಿಗೆ ಒಂದು ಕಪ್. ಅದೇ ತಂಡವನ್ನು ಸಾವಿರಾರು ಜನ ಆಡುವ ಒಂದು ದಿನದ ಉಚಿತ ಸ್ಪರ್ಧೆಗೂ ಹಾಕುತ್ತೇನೆ. ಮ್ಯಾಂಚೆಸ್ಟರ್ ಸಿಟಿಯ ಪಂದ್ಯವಿದ್ದರೆ ಎಲ್ಲರೂ ಆ ತಂಡದ ಸ್ಟ್ರೈಕರ್ (ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಆಟಗಾರ) ಹಾಲಂಡ್ ಅವರನ್ನೇ ಕ್ಯಾಪ್ಟನ್ ಮಾಡುತ್ತಾರೆ. ನಾನೂ ಮಾಡಿದರೆ ಪಟ್ಟಿಯಲ್ಲಿ ಮೇಲೇರುವುದಿಲ್ಲ. ಬಿಟ್ಟರೆ ಅವರು ಎರಡು ಗೋಲು ಹೊಡೆಯುತ್ತಾರೆ, ನಾನು ಮುಳುಗುತ್ತೇನೆ. ಇದಕ್ಕೊಂದು ನಿಯಮವಿದೆಯೇ? ಇನ್ನೊಂದು ಮಾತು: ವಿದೇಶಿ ಆ್ಯಪ್‌ನಲ್ಲಿ ಹಣ ಕಟ್ಟಿ ಆಡೋಣ ಎಂದು ಗೆಳೆಯನೊಬ್ಬ ಒತ್ತಾಯಿಸುತ್ತಿದ್ದಾನೆ. ಏನು ಮಾಡಲಿ?

ಉತ್ತರ: ನೀವು ಆಡುತ್ತಿರುವುದು ಎರಡು ಸ್ಪರ್ಧೆ, ಹಾಕುತ್ತಿರುವುದು ಒಂದೇ ತಂಡ. ನಿಮ್ಮ ಗೊಂದಲದ ಬೇರು ಅಲ್ಲಿದೆ. ರೈಲಿನ ಗುಂಪಿನಲ್ಲಿ ವಾರದಿಂದ ವಾರಕ್ಕೆ ಪಾಯಿಂಟ್ ಕೂಡುತ್ತಾ ಹೋಗುತ್ತದೆ. ಇಂದು ನಾಲ್ಕನೆಯವರಾದರೂ ನಷ್ಟವಿಲ್ಲ, ಆ ಪಾಯಿಂಟ್‌ಗಳು ಖಾತೆಯಲ್ಲಿರುತ್ತವೆ. ದೊಡ್ಡ ಸ್ಪರ್ಧೆಯಲ್ಲಿ ಹಾಗಲ್ಲ. ಅಲ್ಲಿ ಆ ದಿನದ ಮೊದಲ ಕೆಲವು ಸ್ಥಾನಗಳಿಗೆ ಮಾತ್ರ ಬೆಲೆ. ನಾಲ್ಕು ಸಾವಿರದನೆಯವರಾದರೂ ಎಂಟು ಸಾವಿರದನೆಯವರಾದರೂ ಸಿಗುವುದು ಒಂದೇ, ಏನೂ ಇಲ್ಲ. ಮರುದಿನ ಮತ್ತೆ ಸೊನ್ನೆಯಿಂದ ಆರಂಭ.

ಹಾಗಾಗಿ ನನ್ನ ಉತ್ತರ ಎರಡು ಭಾಗದ್ದು. ರೈಲಿನ ಗುಂಪಿನಲ್ಲಿ ಹಾಲಂಡ್ ಅವರನ್ನು ಹಾಕಿ, ಕ್ಯಾಪ್ಟನ್ ಮಾಡಿ, ನಿಶ್ಚಿಂತೆಯಿಂದಿರಿ. ದೊಡ್ಡ ಸ್ಪರ್ಧೆಯಲ್ಲಿ ಜನಪ್ರಿಯರಾದ ಆಟಗಾರರಲ್ಲಿ ಒಬ್ಬರನ್ನು, ಹೆಚ್ಚೆಂದರೆ ಇಬ್ಬರನ್ನು ಬಿಡಿ. ಆದರೆ ಬಿಡುವುದಕ್ಕೆ ಫುಟ್‌ಬಾಲ್‌ನ ಕಾರಣವೊಂದು ಬೇಕು. ಎಲ್ಲರ ತಂಡದಲ್ಲೂ ಇದ್ದಾರೆ ಎಂಬುದೊಂದೇ ಕಾರಣವಾಗಲಾರದು.

ಕೋಲಾರ ಜಿಲ್ಲೆಯವರಾದ ನಿಮಗೆ ಟೊಮೆಟೊ ಲೆಕ್ಕ ವಿವರಿಸಬೇಕಿಲ್ಲ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋದ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಕೈಯಲ್ಲಿ ಬೆಳೆ ಇದ್ದವರು ಕೆಲವರೇ. ಆ ಬೆಲೆ ನೋಡಿ ನಾಟಿ ಮಾಡಿದವರ ಹಣ್ಣು ಮಾರುಕಟ್ಟೆಗೆ ಬರುವ ಹೊತ್ತಿಗೆ ದರ ನೆಲ ಕಚ್ಚಿತ್ತು. ಹಣ್ಣಿನ ಗುಣ ಕೆಟ್ಟಿರಲಿಲ್ಲ. ಅದು ಎಷ್ಟು ಜನರ ಬಳಿ ಇದೆ ಎಂಬುದು ಬದಲಾಗಿತ್ತು. ಒಂದು ದಿನದ ದೊಡ್ಡ ಸ್ಪರ್ಧೆಯಲ್ಲಿ ಗೋಲಿನ ಬೆಲೆ ಏರಿಳಿಯುವುದೂ ಹೀಗೆಯೇ.

ಅಂಕಿಗಳಲ್ಲಿ ನೋಡೋಣ. ಇವು ಲೆಕ್ಕ ತಿಳಿಸಲೆಂದು ನಾನೇ ಇಟ್ಟುಕೊಂಡ ಸಂಖ್ಯೆಗಳು. ಹತ್ತು ಸಾವಿರ ಜನರ ಸ್ಪರ್ಧೆ. ಒಬ್ಬ ಸ್ಟ್ರೈಕರ್ ಆ ದಿನದ ಅತ್ಯುತ್ತಮ ಕ್ಯಾಪ್ಟನ್ ಆಗುವ ಸಾಧ್ಯತೆ ಶೇ 30, ಅವನನ್ನು ಕ್ಯಾಪ್ಟನ್ ಮಾಡಿದವರು ಶೇ 60, ಅಂದರೆ ಆರು ಸಾವಿರ ಜನ. ಅವನು ಮಿಂಚಿದರೂ ಆರು ಸಾವಿರ ಜನರ ಜೊತೆ ನೀವು ಮತ್ತೆ ಸೆಣಸಬೇಕು. ಉಳಿದೆಲ್ಲ ಸಮ ಎಂದುಕೊಂಡರೆ ಮೊದಲ ಸ್ಥಾನದ ನಿಮ್ಮ ಅವಕಾಶ ಇಪ್ಪತ್ತು ಸಾವಿರಕ್ಕೆ ಒಂದು. ಕಣ್ಣು ಮುಚ್ಚಿ ತಂಡ ಹಾಕಿದವನಿಗೂ ಸರಾಸರಿ ಹತ್ತು ಸಾವಿರಕ್ಕೆ ಒಂದು ಅವಕಾಶವಿದೆಯಲ್ಲ, ಅದರ ಅರ್ಧ! ಇನ್ನೊಬ್ಬ ಆಟಗಾರನ ಸಾಧ್ಯತೆ ಶೇ 15 ಮಾತ್ರ, ಆದರೆ ಕ್ಯಾಪ್ಟನ್ ಮಾಡಿದವರು ಶೇ 5, ಐನೂರು ಜನ. ಈಗ ಅವಕಾಶ ಸುಮಾರು 3,300ಕ್ಕೆ ಒಂದು. ಗೆಲ್ಲಿಸುವ ಸಾಧ್ಯತೆ ಅರ್ಧವಾದರೂ ನಿಮ್ಮ ಅವಕಾಶ ಆರು ಪಟ್ಟಾಯಿತು.

ಇಲ್ಲಿಗೆ ಓದಿ ನಿಲ್ಲಿಸಿದವರು ಮುಂದಿನ ಶನಿವಾರ ಯಾರೂ ಕೇಳರಿಯದ ಆಟಗಾರನನ್ನು ಕ್ಯಾಪ್ಟನ್ ಮಾಡಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಮೂರನೆಯವನೊಬ್ಬನನ್ನು ತೆಗೆದುಕೊಳ್ಳಿ: ಸಾಧ್ಯತೆ ಶೇ 1, ಆರಿಸಿದವರು ಶೇ 2, ಅಂದರೆ ಇನ್ನೂರು ಜನ. ಭಾಗಿಸಿ ನೋಡಿದರೆ ಮತ್ತೆ ಇಪ್ಪತ್ತು ಸಾವಿರಕ್ಕೆ ಒಂದು. ಎಲ್ಲರೂ ಆರಿಸಿದ ಸ್ಟ್ರೈಕರ್ ಕೊಟ್ಟಷ್ಟೇ ಕೆಟ್ಟ ಅವಕಾಶ! ಬೇರೆಯಾಗಿ ಕಾಣಬೇಕೆಂಬ ಆಸೆಗೆ ಪಾಯಿಂಟ್ ಸಿಗುವುದಿಲ್ಲ. ನೀವು ಕೇಳಿದ ನಿಯಮ ಇದೇ: ಗೆಲ್ಲಿಸುವ ಸಾಧ್ಯತೆಯನ್ನೂ ಆರಿಸಿದವರ ಪ್ರಮಾಣವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಯೋಗ್ಯತೆಗಿಂತ, ಅಂದರೆ ಗೆಲ್ಲಿಸುವ ಸಾಧ್ಯತೆಗಿಂತ, ಹೆಚ್ಚು ಜನ ಆರಿಸಿದವನನ್ನು ಬಿಡಬಹುದು. ಶೇ 40 ಜನ ಆರಿಸಿದ್ದರೂ ಯೋಗ್ಯತೆ ಅದಕ್ಕಿಂತ ದೊಡ್ಡದಿದ್ದರೆ ಅವನು ಇನ್ನೂ ಅಗ್ಗವೇ, ಇಟ್ಟುಕೊಳ್ಳಬೇಕು.

ನಿಮ್ಮ ರೈಲಿನ ಗುಂಪಿಗೆ ಈ ಲೆಕ್ಕ ಅನ್ವಯಿಸದು. ಗುಂಪು ಚಿಕ್ಕದು ಎಂಬುದು ಅದಕ್ಕೆ ಕಾರಣವಲ್ಲ. ನೀವು ಕೂಡುತ್ತಿರುವುದು ಒಟ್ಟು ಪಾಯಿಂಟ್ ಎಂಬುದು ಕಾರಣ. ಹಾಲಂಡ್ ಅವರ ಗೋಲಿಗೆ ಒಬ್ಬರೇ ಆರಿಸಿದ್ದರೂ ಹದಿಮೂರು ಜನ ಆರಿಸಿದ್ದರೂ ಅಷ್ಟೇ ಪಾಯಿಂಟ್. ಅತಿ ಹೆಚ್ಚು ಪಾಯಿಂಟ್ ನಿರೀಕ್ಷೆ ಇರುವವರನ್ನು ವಾರ ವಾರವೂ ಬಿಟ್ಟು ಹೊಸತನಕ್ಕೆ ಹೋದರೆ ಒಂದೊಂದೇ ಪಾಯಿಂಟ್ ಸೋರಿ ಸೀಸನ್ ಕೊನೆಗೆ ದೊಡ್ಡ ಅಂತರವಾಗುತ್ತದೆ. ಅಲ್ಲಿ ನೀವು ಗೆಲ್ಲಬೇಕಾದ್ದು ಬಜೆಟ್‌ನ ಕೆಳ ತುದಿಯಲ್ಲಿ: ಅಗ್ಗದ ಡಿಫೆಂಡರ್, ಮೂರನೇ ಮಿಡ್‌ಫೀಲ್ಡರ್, ಗೋಲ್‌ಕೀಪರ್. ಗೆಳೆಯರು ಅವಸರದಲ್ಲಿ ತುಂಬಿಸುವ ಜಾಗಗಳು ಅವು.

ಒಂದು ವಿನಾಯಿತಿ ಇದೆ. ಐದಾರು ವಾರ ಉಳಿದಿರುವಾಗ ನೀವು ಬಹಳ ಹಿಂದಿದ್ದು ಮುಂದಿರುವವನ ತಂಡವನ್ನೇ ಹಾಕುತ್ತಿದ್ದರೆ ಅಂತರ ಅಲ್ಲಾಡುವುದಿಲ್ಲ. ಆಗ ಅವನು ಯಾರನ್ನು ಕ್ಯಾಪ್ಟನ್ ಮಾಡುತ್ತಾನೆಂದು ಊಹಿಸಿ ಬೇರೊಬ್ಬ ಒಳ್ಳೆಯ ಆಟಗಾರನನ್ನು ಮಾಡಿ. ನೀವೇ ಮುಂದಿದ್ದರೆ ತದ್ವಿರುದ್ಧ: ಹಿಂದಿರುವವರ ಕ್ಯಾಪ್ಟನ್ ನಿಮ್ಮ ಕ್ಯಾಪ್ಟನ್ ಆಗಿರಲಿ, ಅವನು ಹೊಡೆಯುವ ಪ್ರತಿ ಗೋಲೂ ನಿಮ್ಮನ್ನು ಕಾಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಬ್ಬ ಆಟಗಾರ ಏಕೆ ಜನಪ್ರಿಯನಾಗಿದ್ದಾನೆ? ಈ ಪ್ರಶ್ನೆ ಕೇಳದೆ ಶೇಕಡಾವಾರು ಮಾತ್ರ ನೋಡುವುದು ವ್ಯರ್ಥ.

2022ರ ಆಗಸ್ಟ್ 27ರ ಶನಿವಾರವನ್ನು ನಾನು ಹೊಸಬರಿಗೆ ಮತ್ತೆ ಮತ್ತೆ ತೋರಿಸುತ್ತೇನೆ. ಲಿವರ್‌ಪೂಲ್ ತನ್ನ ತವರು ಆ್ಯನ್‌ಫೀಲ್ಡ್‌ನಲ್ಲಿ, ಆ ವರ್ಷವಷ್ಟೇ ಪ್ರೀಮಿಯರ್ ಲೀಗ್‌ಗೆ ಮರಳಿದ್ದ ಬೋರ್ನ್‌ಮತ್ ವಿರುದ್ಧ ಆಡಿತು. ಮೊದಲ ಮೂರು ಪಂದ್ಯಗಳಲ್ಲಿ ಲಿವರ್‌ಪೂಲ್ ಒಂದನ್ನೂ ಗೆದ್ದಿರಲಿಲ್ಲ. ಇಂದು ಸಿಟ್ಟು ತೀರಿಸಿಕೊಳ್ಳುತ್ತದೆ ಎಂದು ಊಹಿಸಲು ಪಂಡಿತರು ಬೇಕಿರಲಿಲ್ಲ. ಲಿವರ್‌ಪೂಲ್ ಎಂದರೆ ಆಗ ಫ್ಯಾಂಟಸಿ ಆಡುವವರ ಬಾಯಲ್ಲಿ ಮೊದಲು ಬರುತ್ತಿದ್ದ ಹೆಸರು ಮೊಹಮ್ಮದ್ ಸಲಾಹ್. ಪಂದ್ಯ 9–0 ಆಯಿತು. ಒಂಬತ್ತು ಗೋಲು! ಸಲಾಹ್ ಅವರಿಗೆ ಒಂದು ಗೋಲೂ ಇಲ್ಲ, ಒಂದು ಅಸಿಸ್ಟ್ (ಇನ್ನೊಬ್ಬರ ಗೋಲಿಗೆ ಚೆಂಡು ಒದಗಿಸಿದ್ದು) ಕೂಡ ಇಲ್ಲ. ರಾಬರ್ಟೊ ಫಿರ್ಮಿನೊ ಎರಡು ಗೋಲು, ಮೂರು ಅಸಿಸ್ಟ್. ಲೂಯಿಸ್ ಡಿಯಾಸ್ ಎರಡು ಗೋಲು. ಡಿಫೆಂಡರ್‌ಗಳಾದ ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್ ಮತ್ತು ವರ್ಜಿಲ್ ವ್ಯಾನ್ ಡೈಕ್ ಕೂಡ ಗೋಲು ಹೊಡೆದರು. ಫಾರ್ವರ್ಡ್ ಆಟಗಾರನ ಗೋಲಿಗೆ 4, ಅಸಿಸ್ಟ್‌ಗೆ 3 ಎಂಬ ಲೆಕ್ಕದಲ್ಲಿ ಫಿರ್ಮಿನೊ ಅವರಿಗೆ ಅವೆರಡರಿಂದಲೇ 17 ಪಾಯಿಂಟ್. ಕ್ಯಾಪ್ಟನ್ ಮಾಡಿದ್ದವರಿಗೆ 34.

ಆ ದಿನ ಜನರ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಲಿವರ್‌ಪೂಲ್ ಗೋಲುಗಳ ಮಳೆ ಸುರಿಸುತ್ತದೆ ಎಂಬುದು ನಿಜವಾಯಿತು. ಆದರೆ ತಂಡದ ಮೇಲಿದ್ದ ನಂಬಿಕೆಯನ್ನೆಲ್ಲ ಒಂದೇ ಹೆಸರಿನ ಮೇಲೆ ಹೇರಿದವರಿಗೆ ಅದು ದಕ್ಕಲಿಲ್ಲ. ಜನಪ್ರಿಯತೆ ಹುಟ್ಟುವುದು ಹೆಚ್ಚಾಗಿ ತಂಡದ ಕಾರಣಕ್ಕೆ, ಎದುರಾಳಿಯ ದೌರ್ಬಲ್ಯದ ಕಾರಣಕ್ಕೆ; ಅದು ಹೋಗಿ ಅಂಟಿಕೊಳ್ಳುವುದು ಮಾತ್ರ ಒಬ್ಬನಿಗೆ. ನೀವು ಬಿಡಬೇಕಾದದ್ದು ಆ ಹೆಸರನ್ನು, ತಂಡವನ್ನಲ್ಲ. ಎಲ್ಲರೂ ಸ್ಟ್ರೈಕರ್‌ನ ಹಿಂದೆ ಹೋಗುವ ಪಂದ್ಯದಲ್ಲಿ ಅವನಿಗೆ ಚೆಂಡು ಒದಗಿಸುವ ಮಿಡ್‌ಫೀಲ್ಡರ್ ಯಾರು, ಕಾರ್ನರ್ ಹೊಡೆಯುವವರು ಯಾರು, ಕಾರ್ನರ್‌ಗೆ ತಲೆ ಕೊಡುವ ಡಿಫೆಂಡರ್ ಯಾರು ಎಂದು ನೋಡಿ. ನಿಮ್ಮ ಮೂಲ ಊಹೆ ಸರಿಯಾದರೆ ಆ ಫಸಲಿನಲ್ಲಿ ಅವರಿಗೂ ಪಾಲಿದೆ, ಮತ್ತು ಅವರನ್ನು ಆರಿಸಿದವರು ಕಡಿಮೆ.

ಅದೇ ಶನಿವಾರ ನಿಮ್ಮ ಭಯಕ್ಕೂ ಸಾಕ್ಷಿ ಇದೆ. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಸಿಟಿ 0–2 ಹಿಂದಿತ್ತು. ಎರಡನೇ ಅವಧಿಯಲ್ಲಿ ಹಾಲಂಡ್ ಹ್ಯಾಟ್ರಿಕ್ ಹೊಡೆದು 4–2 ಮಾಡಿದರು. ಅವರನ್ನು ಬಿಟ್ಟವರು ಮುಳುಗಿದರು, ನಿಜ. ಆ ಭಯವನ್ನೂ ಅಳತೆಗೆ ಹಚ್ಚೋಣ. 2022–23ರ ಪ್ರೀಮಿಯರ್ ಲೀಗ್‌ನಲ್ಲಿ ಹಾಲಂಡ್ 35 ಪಂದ್ಯಗಳಲ್ಲಿ 36 ಗೋಲು ಹೊಡೆದು ದಾಖಲೆ ಮಾಡಿದರು. ಪಂದ್ಯಕ್ಕೊಂದು ಗೋಲು ಎಂದು ಕೇಳಿದಾಗ ಪ್ರತಿ ವಾರವೂ ಹೊಡೆದರೆಂಬ ಭಾವನೆ ಮೂಡುತ್ತದೆ. ಆ 36ರಲ್ಲಿ ನಾಲ್ಕು ಹ್ಯಾಟ್ರಿಕ್‌ಗಳಿದ್ದವು: ಪ್ಯಾಲೇಸ್, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಮ್ಯಾಂಚೆಸ್ಟರ್ ಯುನೈಟೆಡ್, ವುಲ್ವ್ಸ್ ವಿರುದ್ಧ. ಅಂದರೆ ಹನ್ನೆರಡು ಗೋಲು ನಾಲ್ಕೇ ಪಂದ್ಯಗಳಲ್ಲಿ. ಉಳಿದ 31 ಪಂದ್ಯಗಳಿಗೆ ಉಳಿದದ್ದು 24 ಗೋಲು. ಒಂದೊಂದು ಪಂದ್ಯಕ್ಕೆ ಒಂದೊಂದೇ ಹಂಚಿದರೂ ಏಳು ಪಂದ್ಯ ಖಾಲಿ. ಕೆಲವದರಲ್ಲಿ ಎರಡೆರಡು ಹೊಡೆದಿದ್ದರಿಂದ ಖಾಲಿ ಪಂದ್ಯಗಳು ಅದಕ್ಕೂ ಹೆಚ್ಚು. ದಾಖಲೆ ಬರೆದ ವರ್ಷದಲ್ಲಿಯೇ ಹೀಗೆ. ಫುಟ್‌ಬಾಲ್‌ನಲ್ಲಿ ಗೋಲು ಅಪರೂಪದ ವಸ್ತು, ಬಂದಾಗ ಗೊಂಚಲಾಗಿ ಬರುತ್ತದೆ. ಒಳ್ಳೆಯ ಸ್ಟ್ರೈಕರ್‌ನನ್ನು ಒಂದು ದಿನ ಬಿಡುವುದು ಹುಚ್ಚುತನವಲ್ಲ, ಪ್ರತಿ ವಾರ ಬಿಡುವುದು ಹುಚ್ಚುತನ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಳೆದ ವಾರದ ಹ್ಯಾಟ್ರಿಕ್‌ನಿಂದ ಬಂದ ಜನಪ್ರಿಯತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲಕ್ಕಿಂತ ಟೊಳ್ಳು ಅದೇ. ಹೊಡೆತಗಳ ಸಂಖ್ಯೆ, ಪೆನಾಲ್ಟಿ ಬಾಕ್ಸ್‌ನೊಳಗೆ ಚೆಂಡು ಮುಟ್ಟಿದ ಲೆಕ್ಕ ನೋಡಿ. ಅವು ಹೆಚ್ಚಿಲ್ಲದೆ ಗೋಲು ಮಾತ್ರ ಬಂದಿದ್ದರೆ ಮೊದಲು ಬಿಡಬೇಕಾದವನು ಆತನೇ.

ಗಟ್ಟಿಯಾದ ಜನಪ್ರಿಯತೆಯೂ ಇದೆ, ಅದನ್ನು ಗೌರವಿಸಿ. ಒಂದು ದಿನದ ಫ್ಯಾಂಟಸಿ ಆಟದ ತಂತ್ರಗಳು ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ, ಅವರ ಅಮೆರಿಕನ್ ಫುಟ್‌ಬಾಲ್ ಸುತ್ತ. 2009ರಲ್ಲಿ ಫ್ಯಾನ್‌ಡ್ಯುಯೆಲ್, 2012ರಲ್ಲಿ ಡ್ರಾಫ್ಟ್‌ಕಿಂಗ್ಸ್ ಎಂಬ ಕಂಪನಿಗಳು ಶುರುವಾದವು. ಡ್ರಾಫ್ಟ್‌ಕಿಂಗ್ಸ್‌ನ ಸಾಮಾನ್ಯ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಸ್ಪರ್ಧೆಯಲ್ಲಿ ಐವತ್ತು ಸಾವಿರ ಡಾಲರ್‌ಗಳ ಕಾಲ್ಪನಿಕ ಬಜೆಟ್‌ನೊಳಗೆ ಒಂಬತ್ತು ಸ್ಥಾನ ತುಂಬಬೇಕು. ಆಟಗಾರರ ಬೆಲೆ ವಾರದ ಆರಂಭದಲ್ಲೇ ನಿಗದಿಯಾಗಿರುತ್ತದೆ. ಶುಕ್ರವಾರ ಪ್ರಮುಖ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಗಾಯಗೊಂಡ ಸುದ್ದಿ ಬಂದರೆ ಅವನ ಜಾಗಕ್ಕೆ ಬರುವವನ ಬೆಲೆ ಮಾತ್ರ ಹಳೆಯದೇ, ಅತಿ ಅಗ್ಗ. ಇದ್ದಕ್ಕಿದ್ದಂತೆ ತಂಡದ ಓಟದ ಕೆಲಸವೆಲ್ಲ ಅವನ ಪಾಲಿಗೆ. ಅಂಥವನನ್ನು ಎಲ್ಲರೂ ಆರಿಸುತ್ತಾರೆ, ಆರಿಸುವುದು ಸರಿಯೂ ಹೌದು. ಅವನನ್ನು ಬಿಟ್ಟರೆ ಕಳೆದುಕೊಳ್ಳುವುದು ಅವನ ಪಾಯಿಂಟ್‌ಗಳನ್ನಷ್ಟೇ ಅಲ್ಲ. ಅವನಿಂದ ಉಳಿದ ಬಜೆಟ್‌ನಲ್ಲಿ ಉಳಿದವರು ಕೊಂಡ ದುಬಾರಿ ಆಟಗಾರನನ್ನೂ ಕಳೆದುಕೊಳ್ಳುತ್ತೀರಿ. ನಮ್ಮ ಫುಟ್‌ಬಾಲ್‌ನಲ್ಲಿ ಇದಕ್ಕೆ ಸಮನಾದದ್ದು ಎರಡು: ಮುಖ್ಯ ಸ್ಟ್ರೈಕರ್ ಇಲ್ಲದ ದಿನ ಆರಂಭದ ಹನ್ನೊಂದರಲ್ಲಿ ಬರುವ ಅಗ್ಗದ ಯುವ ಆಟಗಾರ, ಮತ್ತು ಪೆನಾಲ್ಟಿ ಹೊಡೆಯುವ ಹೊಣೆ ಹೊಸದಾಗಿ ಸಿಕ್ಕ ಮಿಡ್‌ಫೀಲ್ಡರ್. ಅಗ್ಗವಾಗಿದ್ದು ಜನಪ್ರಿಯನಾದವನನ್ನು ಬಿಡುವ ಮೊದಲು ಹತ್ತು ಸಲ ಯೋಚಿಸಿ. ದುಬಾರಿಯಾಗಿದ್ದು ಜನಪ್ರಿಯನಾದವನನ್ನು ಬಿಡುವುದು ಸುಲಭ, ಏಕೆಂದರೆ ಬಿಟ್ಟೊಡನೆ ಕೈಗೆ ಕ್ರೆಡಿಟ್ ಬರುತ್ತದೆ.

ಬಿಡುವುದೆಂದರೆ ಅರ್ಧ ಕೆಲಸ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಎಲ್ಲರೂ ನಂಬಿದ ಸ್ಟ್ರೈಕರ್ ಇಂದು ಗೋಲು ಹೊಡೆಯುವುದಿಲ್ಲ ಎಂದು ನೀವು ನಿಜವಾಗಿ ಭಾವಿಸಿದರೆ, ಹಾಗಾದ ದಿನ ಲಾಭ ಯಾರಿಗೆ? ಎದುರಾಳಿ ತಂಡದ ಡಿಫೆಂಡರ್‌ಗಳಿಗೆ, ಗೋಲ್‌ಕೀಪರ್‌ಗೆ. ಕ್ಲೀನ್ ಶೀಟ್ ಸಿಕ್ಕರೆ, ಅಂದರೆ ತಂಡ ಒಂದೂ ಗೋಲು ಬಿಟ್ಟುಕೊಡದಿದ್ದರೆ, ತಲಾ 4 ಪಾಯಿಂಟ್, ಜೊತೆಗೆ ಗೋಲ್‌ಕೀಪರ್‌ನ ಸೇವ್‌ಗಳಿಗೆ ಪಾಯಿಂಟ್. ದೊಡ್ಡ ತಂಡದ ಎದುರು ಆಡುವ ಡಿಫೆಂಡರ್‌ನನ್ನು ಯಾರೂ ಮುಟ್ಟುವುದಿಲ್ಲ, ಬೆಲೆಯೂ ಕಡಿಮೆ. ಹೀಗೆ ಒಂದೇ ಘಟನೆ, ಆ ಸ್ಟ್ರೈಕರ್ ಗೋಲು ಹೊಡೆಯದಿರುವುದು, ಸಾವಿರಾರು ಜನರನ್ನು ಕೆಳಕ್ಕೆ ಎಳೆಯುವ ಹೊತ್ತಿನಲ್ಲೇ ನಿಮ್ಮನ್ನು ಮೇಲಕ್ಕೆತ್ತುತ್ತದೆ. ಅವನನ್ನೂ ಬಿಟ್ಟು, ಎದುರಾಳಿಯನ್ನೂ ಮುಟ್ಟದೆ, ಮೂರನೇ ಪಂದ್ಯದ ಯಾರನ್ನೋ ತಂದು ತುಂಬಿಸಿದರೆ ಎರಡು ಬೇರೆ ಬೇರೆ ಅದೃಷ್ಟ ಒಟ್ಟಿಗೆ ಬರಬೇಕೆಂದು ಕಾಯಬೇಕಾಗುತ್ತದೆ.

2022ರ ನವೆಂಬರ್ 22ರ ವಿಶ್ವಕಪ್ ಪಂದ್ಯ ನೆನಪಿರಬಹುದು. 36 ಪಂದ್ಯಗಳಲ್ಲಿ ಸೋಲದೆ ಬಂದಿದ್ದ ಅರ್ಜೆಂಟೀನಾವನ್ನು ಸೌದಿ ಅರೇಬಿಯಾ 2–1ರಿಂದ ಸೋಲಿಸಿತು. ಮೆಸ್ಸಿ ಹತ್ತನೇ ನಿಮಿಷದಲ್ಲೇ ಪೆನಾಲ್ಟಿಯಲ್ಲಿ ಗೋಲು ಹೊಡೆದಿದ್ದರು. ಜನಪ್ರಿಯ ಆಟಗಾರ ಆ ದಿನ ಕೈಕೊಡಲಿಲ್ಲ, ಗಮನಿಸಿ. ಆದರೂ ಅಂಥ ದಿನ ಪಟ್ಟಿಯ ತುದಿಗೇರಬಲ್ಲದು ಮೆಸ್ಸಿ ಜೊತೆಗೆ ಸೌದಿ ಪರ ಗೋಲು ಹೊಡೆದ ಸಲೇಂ ಅಲ್-ದೌಸರಿ ಅಥವಾ ಸಾಲೆಹ್ ಅಲ್-ಶೆಹ್ರಿ ಕೂಡ ಇದ್ದ ತಂಡ. ಎಲ್ಲರಿಗೂ ಇರುವವನನ್ನು ಇಟ್ಟುಕೊಂಡೂ ಬೇರೆಯಾಗಬಹುದು. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಇದೇ ಒಳ್ಳೆಯ ದಾರಿ: ಜನಪ್ರಿಯನಾದವನು ತಂಡದಲ್ಲಿರಲಿ, ಕ್ಯಾಪ್ಟನ್ ಪಟ್ಟ ಮಾತ್ರ ಇನ್ನೊಬ್ಬನಿಗೆ ಕೊಡಿ. ಅವನು ಎರಡು ಗೋಲು ಹೊಡೆದರೂ ಪೂರ್ತಿ ಮುಳುಗುವುದಿಲ್ಲ. ನಿಮ್ಮ ಕ್ಯಾಪ್ಟನ್ ಹೊಡೆದರೆ ದುಪ್ಪಟ್ಟು ನಿಮ್ಮದು.

ಎಷ್ಟು ಜನರನ್ನು ಬಿಡಬಹುದು ಎಂಬುದಕ್ಕೆ ಸರಳ ಗುಣಾಕಾರ ಸಾಕು. ಜನಪ್ರಿಯನೊಬ್ಬ ವಿಫಲನಾಗುವ ಸಾಧ್ಯತೆ ಅರ್ಧ ಎಂದುಕೊಂಡರೂ ಮೂವರನ್ನು ಬಿಟ್ಟಾಗ ಮೂವರೂ ಒಟ್ಟಿಗೆ ವಿಫಲರಾಗುವ ಸಾಧ್ಯತೆ ಎಂಟರಲ್ಲಿ ಒಂದು. ನಾಲ್ವರಾದರೆ ಹದಿನಾರರಲ್ಲಿ ಒಂದು. ಒಬ್ಬ, ಹೆಚ್ಚೆಂದರೆ ಇಬ್ಬರು ಎಂದು ಮೊದಲೇ ಹೇಳಿದ್ದು ಇದಕ್ಕೆ.

ಯಾರು ಎಷ್ಟು ಜನಪ್ರಿಯ ಎಂದು ತಿಳಿಯುವ ಬಗೆ? ದೊಡ್ಡ ಸ್ಪರ್ಧೆಯ ಆ್ಯಪ್ ಶೇಕಡಾವಾರು ತೋರಿಸಿದರೆ ಅದನ್ನೇ ನೋಡಿ. ಪ್ರೀಮಿಯರ್ ಲೀಗ್‌ನ ಅಧಿಕೃತ ಫ್ಯಾಂಟಸಿ ತಾಣದಲ್ಲಿ ಪ್ರತಿ ಆಟಗಾರನ ಎದುರು ಕಾಣುವ ಶೇಕಡಾವಾರನ್ನು ಹಾಗೆಯೇ ತಂದು ಬಳಸಬೇಡಿ. ಅದು ಇಡೀ ಸೀಸನ್‌ನ ಆಟ. ಆಗಸ್ಟ್‌ನಲ್ಲಿ ತಂಡ ಮಾಡಿ ಆಮೇಲೆ ತಿರುಗಿ ನೋಡದವರ ತಂಡಗಳೂ ಆ ಲೆಕ್ಕದಲ್ಲಿ ಸೇರಿರುತ್ತವೆ. ನಿಮ್ಮ ಹದಿನಾಲ್ಕು ಜನರ ವಿಷಯದಲ್ಲಿ ಯಾವ ಆ್ಯಪ್‌ಗಿಂತಲೂ ನೀವೇ ಚೆನ್ನಾಗಿ ಬಲ್ಲಿರಿ. ಕೆಜಿಎಫ್ ಕಡೆ ಫುಟ್‌ಬಾಲ್ ಗಣಿಯ ಕಾಲದಿಂದ ಬಂದದ್ದು; 2001ರಲ್ಲಿ ಗಣಿ ಮುಚ್ಚಿದರೂ ಆಟದ ಹುಚ್ಚು ಹೋಗಲಿಲ್ಲ. ಅಂಥ ಊರಿನವರಿಗೆ ಕ್ಲಬ್ ನಿಷ್ಠೆ ಇರುತ್ತದೆ. ಯುನೈಟೆಡ್ ಅಭಿಮಾನಿ ಸಿಟಿಯ ಆಟಗಾರನನ್ನು ಕ್ಯಾಪ್ಟನ್ ಮಾಡಲು ಹಿಂಜರಿಯುತ್ತಾನೆ, ತನ್ನ ತಂಡದ ಇಬ್ಬರನ್ನು ಕಾರಣವಿಲ್ಲದೆ ಸೇರಿಸುತ್ತಾನೆ. ನಮ್ಮ ದೇಶದ ಐಎಸ್‌ಎಲ್ ಲೀಗ್‌ನ ಪಂದ್ಯಗಳಿಗೆ ತಂಡ ಹಾಕುವ ದಿನ ನಮ್ಮ ಕಡೆಯ ಯಾವುದೇ ಗುಂಪಿನಲ್ಲೂ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಹೆಸರು ಬೇರೆ ರಾಜ್ಯದ ಗುಂಪುಗಳಿಗಿಂತ ಹೆಚ್ಚು ಕಾಣುತ್ತದೆ. ಅದು ಪ್ರೀತಿ, ತಪ್ಪೇನಲ್ಲ. 2024ರ ಡಿಸೆಂಬರ್‌ನಲ್ಲಿ, ನಲವತ್ತು ದಾಟಿದ ಮೇಲೆ, ಕೇರಳ ಬ್ಲಾಸ್ಟರ್ಸ್ ವಿರುದ್ಧ ಅವರು ಹ್ಯಾಟ್ರಿಕ್ ಹೊಡೆದಾಗ ಆ ಪ್ರೀತಿಗೆ ಭರಪೂರ ಫಲವೂ ಸಿಕ್ಕಿತು. ನೀವು ಮಾಡಬೇಕಾದದ್ದು ಗೆಳೆಯರ ಪ್ರೀತಿ ಎಲ್ಲಿದೆ ಎಂದು ಗುರುತಿಟ್ಟುಕೊಳ್ಳುವುದು.

ಸಮಯದ ಬಗ್ಗೆ ಒಂದು ಮಾತು. ಪ್ರೀಮಿಯರ್ ಲೀಗ್‌ನಲ್ಲಿ ಆಡುವ ಹನ್ನೊಂದರ ಪಟ್ಟಿ ಪಂದ್ಯಕ್ಕೆ 75 ನಿಮಿಷ ಮುಂಚೆ ಪ್ರಕಟವಾಗುತ್ತದೆ. ಇಂಗ್ಲೆಂಡ್‌ನ ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳು ನಮಗೆ ಅಲ್ಲಿನ ಬೇಸಿಗೆ ಸಮಯದಲ್ಲಿ ಸಂಜೆ 7:30ಕ್ಕೆ, ಅವರು ಗಡಿಯಾರ ಹಿಂದಿಟ್ಟ ಮೇಲೆ 8:30ಕ್ಕೆ. ಅಂದರೆ ಪಟ್ಟಿ 6:15ಕ್ಕೋ 7:15ಕ್ಕೋ ಬರುತ್ತದೆ. ಬೆಳಿಗ್ಗೆಯೇ ತಂಡ ಹಾಕಿ ಮರೆತವರು ಬೆಂಚಿನಲ್ಲಿ ಕುಳಿತ ಆಟಗಾರನನ್ನು ಕ್ಯಾಪ್ಟನ್ ಮಾಡಿಕೊಂಡಿರುತ್ತಾರೆ. ಸ್ಪರ್ಧೆಯ ಗಡುವು ಪಟ್ಟಿ ಬಂದ ಮೇಲೂ ಇರುವುದಾದರೆ ಆ ಒಂದು ಗಂಟೆಯಲ್ಲಿ ಸಿಗುವ ಲಾಭ ಮೇಲಿನ ಎಲ್ಲ ಲೆಕ್ಕಗಳಿಗಿಂತ ದೊಡ್ಡದು. ವಾರದ ಮಧ್ಯೆ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿ ಬಂದ ದೊಡ್ಡ ತಂಡಗಳ ವಿಷಯದಲ್ಲಂತೂ ಪಟ್ಟಿ ನೋಡದೆ ಕ್ಯಾಪ್ಟನ್ ಮಾಡಲೇಬೇಡಿ.

ಇನ್ನು ನಿಮ್ಮ ಗೆಳೆಯನ ಮಾತು. ಬೇಡ ಎನ್ನುತ್ತೇನೆ, ಸ್ಪಷ್ಟವಾಗಿ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಅದನ್ನೇ ನೆನಪಿಟ್ಟುಕೊಂಡು ಇದು ಕೌಶಲದ ಆಟ, ತೊಂದರೆಯಿಲ್ಲ ಎನ್ನುವವರು ಇನ್ನೂ ಇದ್ದಾರೆ. ಪರಿಸ್ಥಿತಿ ಬದಲಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವಾದರೂ ಅದೃಷ್ಟದ ಆಟವಾದರೂ ಹಣ ಪಡೆದು ಆಡಿಸುವುದನ್ನು ಅದು ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಡ್ರೀಮ್11ನಂಥ ದೊಡ್ಡ ಕಂಪನಿಯೇ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಕಾಯ್ದೆ ಗುರಿಯಾಗಿಸಿರುವುದು ಆಡಿಸುವವರನ್ನು ಎಂಬುದು ನಿಜ. ಆದರೆ ಬೇರೆ ದೇಶದಲ್ಲಿ ಕುಳಿತ, ಇಲ್ಲಿ ಯಾರಿಗೂ ಉತ್ತರ ಕೊಡಬೇಕಿಲ್ಲದ ಆ್ಯಪ್‌ಗೆ ಹಣ ಕಳಿಸಿ, ಗೆದ್ದಾಗ ಅವರು ಕೊಡದಿದ್ದರೆ ನೀವು ಯಾರ ಬಾಗಿಲು ತಟ್ಟುತ್ತೀರಿ?

ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಲೆಕ್ಕವೇ ಎಚ್ಚರಿಸುತ್ತದೆ. ಹಣದ ಸ್ಪರ್ಧೆಯಲ್ಲಿ ಎಲ್ಲರ ಶುಲ್ಕ ಒಟ್ಟುಗೂಡಿಸಿ, ಆಡಿಸುವವರು ತಮ್ಮ ಪಾಲು ತೆಗೆದು, ಉಳಿದದ್ದನ್ನು ಹಂಚುತ್ತಾರೆ. ಹಾಗಾಗಿ ಸರಾಸರಿ ಆಟಗಾರ ಸೋಲಲೇಬೇಕು. ನಷ್ಟವಾಗದಿರಲು ಆ ಪಾಲಿನಷ್ಟು ಉಳಿದವರಿಗಿಂತ ಚತುರನಾಗಿರಬೇಕು. ಎದುರಿಗಿರುವವರು ಯಾರು? ಅಮೆರಿಕದ ದೊಡ್ಡ ಸ್ಪರ್ಧೆಗಳಲ್ಲಿ ಒಬ್ಬೊಬ್ಬರು ಕಂಪ್ಯೂಟರ್ ಸಹಾಯದಿಂದ 150 ತಂಡಗಳವರೆಗೆ ಹಾಕುತ್ತಾರೆ, ಒಂದೊಂದರಲ್ಲಿ ಒಬ್ಬೊಬ್ಬ ಜನಪ್ರಿಯನನ್ನು ಬಿಟ್ಟು. ಅವರ ಎದುರು ಒಂದೇ ತಂಡ ಹಿಡಿದು, ಸಂಬಳದ ಹಣದಲ್ಲಿ ಕೂರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಿಮ್ಮ ಗುಂಪಿನೊಳಗೂ ಐವತ್ತು, ನೂರು ಎಂದು ಸೇರಿಸುವ ಪದ್ಧತಿ ತರಬೇಡಿ. ಗೆಳೆಯ ಮತ್ತೆ ಒತ್ತಾಯಿಸಿದರೆ, ಹಾಕಲಿದ್ದ ಹಣವನ್ನು ನಾಲ್ಕು ವಾರ ಕಾಗದದ ಮೇಲೆ ಹಾಕಿ ನೋಡು ಎನ್ನಿ.

ಕೊನೆಯದಾಗಿ, ನೀವು ನೇರವಾಗಿ ಕೇಳದಿದ್ದರೂ ಪ್ರಶ್ನೆಯೊಳಗೆ ಅಡಗಿರುವುದು: ಬಿಟ್ಟವನು ಎರಡು ಗೋಲು ಹೊಡೆದಾಗ ತಪ್ಪು ಮಾಡಿದೆನೇ ಎಂದು ತಿಳಿಯುವುದು ಹೇಗೆ? ಒಂದು ವಾರದ ಫಲಿತಾಂಶದಿಂದ ತಿಳಿಯದು. ಒಂದು ನೋಟ್‌ಬುಕ್ ಇಡಿ. ಪಂದ್ಯಕ್ಕೆ ಮುಂಚೆ, ನೆನಪಿಡಿ ಮುಂಚೆ, ಬಿಟ್ಟ ಆಟಗಾರನ ಹೆಸರು, ಎಷ್ಟು ಜನ ಆರಿಸಿದ್ದಾರೆಂಬ ಅಂದಾಜು, ಬಿಟ್ಟ ಕಾರಣ ಒಂದು ಸಾಲು, ಅವನ ಬದಲಿಗೆ ಯಾರು ಎಂಬುದನ್ನು ಬರೆಯಿರಿ. ಫಲಿತಾಂಶ ಬಂದ ಮೇಲೆ ಇಬ್ಬರ ಪಾಯಿಂಟ್‌ಗಳನ್ನೂ ಪಕ್ಕದಲ್ಲಿ ಬರೆದು ಮುಚ್ಚಿಡಿ, ಆ ದಿನ ತೀರ್ಪು ಕೊಡಬೇಡಿ. ಹತ್ತು ಹನ್ನೆರಡು ಶನಿವಾರ ಕಳೆದ ಮೇಲೆ ಕಾರಣಗಳ ಪ್ರಕಾರ ಬೇರ್ಪಡಿಸಿ: ಎದುರಾಳಿಯ ರಕ್ಷಣೆ ಗಟ್ಟಿ ಎಂದು ಬಿಟ್ಟವು ಒಂದು ಕಡೆ, ಅದೇ ತಂಡದ ಇನ್ನೊಬ್ಬನಿಗಾಗಿ ಬಿಟ್ಟವು ಒಂದು ಕಡೆ, ಕಾರಣದ ಸಾಲು ಬರೆಯಲಾಗದೆ ಖಾಲಿ ಬಿಟ್ಟವು ಇನ್ನೊಂದು ಕಡೆ. ಮೂರನೇ ಗುಂಪಿನಲ್ಲಿ ಹೆಸರುಗಳು ಹೆಚ್ಚಿದ್ದರೆ ಮುಂದಿನ ತಿಂಗಳು ಪೂರ್ತಿ ಯಾರನ್ನೂ ಬಿಡದೆ ಆಡಿ, ಆಮೇಲೆ ಮತ್ತೆ ಒಬ್ಬರಿಂದ ಶುರು ಮಾಡಿ.